ಆ್ಯಸ್ ಹಾಕಿದರೆ ಎರರ್ ಹೋಯಿತು, ಆಮೇಲೆ?

ನಮಸ್ಕಾರ,

ರಸ್ಟ್ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ನೀವು ಕಳಿಸಿದ ಲೇಖನ ‘ರಸ್ಟ್‌ನ ಟೈಪ್ ಎರರ್‌ಗಳಿಗೆ ಹತ್ತು ಪರಿಹಾರ’ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರಾಗಬೇಡಿ, ಒಳ್ಳೆಯ ಭಾಗ ಇದೆ, ಆದರೆ ಅದು ಮೂರನೇ ಪುಟದಲ್ಲಿ ಅಡಗಿ ಕೂತಿದೆ.

ಮೊದಲ ಪುಟದ ತುಂಬಾ ಪೀಠಿಕೆ. 2015ರಲ್ಲಿ ರಸ್ಟ್ 1.0 ಬಂತು, ಮೆಮೊರಿ ಸುರಕ್ಷತೆ ಅಂದರೇನು, ಇತ್ಯಾದಿ. ಓದಲು ಬಂದವರ ಸ್ಕ್ರೀನಿನಲ್ಲಿ ಆಗಲೇ ಟೈಪ್ (ಡೇಟಾದ ಬಗೆ) ಹೊಂದುತ್ತಿಲ್ಲ ಅನ್ನುವ ಎರರ್ ಇ0308 ಕೆಂಪಗೆ ಕಾಣುತ್ತಿರುತ್ತದೆ, ಅವರಿಗೆ ಚರಿತ್ರೆ ಯಾಕೆ? ತೆಗೆದುಬಿಡಿ.

ಮೂರನೇ ಪುಟದಲ್ಲಿ ನೀವು ಐ32 (32 ಬಿಟ್ಟಿನ ಪೂರ್ಣಾಂಕ) ಕೊಡಬೇಕಾದ ಫಂಕ್ಷನ್ ಬರೆದು, ಸಿ ಭಾಷೆ ಬರೆದ ಅಭ್ಯಾಸಕ್ಕೆ ಕೊನೆಯ ‘ಎ + ಬಿ’ ಆದಮೇಲೂ ಸೆಮಿಕೋಲನ್ ಹಾಕಿದಿರಿ, ಕಂಪೈಲರ್ ‘ಐ32 ಬೇಕಿತ್ತು, ಸಿಕ್ಕಿದ್ದು ಖಾಲಿ ಆವರಣ’ (ಅಂದರೆ ಏನೂ ಇಲ್ಲ) ಅಂದಿತು, ನೀವು ಒಂದು ಗಂಟೆ ರಿಟರ್ನ್ ಟೈಪನ್ನೇ ತಿದ್ದುತ್ತಾ ಕೂತಿರಿ. ಆ ಸೆಮಿಕೋಲನ್ ತೆಗೆಯಿರಿ ಅಂತ ಅದೇ ಮೆಸೇಜಿನ ಹೆಲ್ಪ್ ಸಾಲಿನಲ್ಲಿ ಇತ್ತು, ಅಲ್ವಾ? ಲೇಖನ ಇಲ್ಲಿಂದಲೇ ಶುರುವಾಗಲಿ.

ನನ್ನ ದೊಡ್ಡ ತಕರಾರು ಬೇರೆ. ಹತ್ತರಲ್ಲಿ ಆರು ಪರಿಹಾರ ‘ಆ್ಯಸ್ ಹಾಕಿ’ ಅನ್ನುವುದೇ, ಅಂದರೆ ಒಂದು ಟೈಪಿನ ಬೆಲೆಯನ್ನು ಬಲವಂತವಾಗಿ ಇನ್ನೊಂದಕ್ಕೆ ಬದಲಿಸಿ ಅಂತ. ಇದು ಜ್ವರ ಇಳಿಯಲಿ ಅಂತ ಥರ್ಮಾಮೀಟರ್ ಒಡೆದ ಹಾಗೆ. ವೆಕ್ಟರಿಗೆ (ಬೆಲೆಗಳ ಪಟ್ಟಿ) ಐ32 ಇಂಡೆಕ್ಸ್ (ಎಷ್ಟನೆಯದು ಅನ್ನುವ ಸಂಖ್ಯೆ) ಕೊಟ್ಟಾಗ ಬರುವ ಎರರ್ ಇ0277 ನಿಮ್ಮ ಉದಾಹರಣೆಯಲ್ಲಿ ‘ಆ್ಯಸ್ ಯೂಸೈಜ್’ (ಇಂಡೆಕ್ಸಿಗೆ ಬೇಕಾದ, ಋಣ ಸಂಖ್ಯೆ ಹಿಡಿಸದ ಟೈಪ್) ಅಂದ ಕೂಡಲೇ ಮಾಯವಾಗುತ್ತದೆ, ಸರಿ. ಆ ಐ32 ಒಳಗೆ -1 ಇದ್ದರೆ? 64 ಬಿಟ್ ಮೆಷಿನ್ನಿನಲ್ಲಿ ಅದು 18446744073709551615 ಆಗುತ್ತದೆ, ಅಷ್ಟು ಉದ್ದದ ವೆಕ್ಟರ್ ಯಾರ ಹತ್ತಿರವೂ ಇಲ್ಲ, ಪ್ರೋಗ್ರಾಂ ಓಡುವಾಗ ಪ್ಯಾನಿಕ್ ಆಗಿ ನಿಂತುಬಿಡುತ್ತದೆ. ಮೊದಲು ಕೇಳಬೇಕಾದ್ದು, ಆ ವೇರಿಯಬಲ್ ಐ32 ಯಾಕಾಗಿತ್ತು? ಬರೀ ಎಣಿಕೆಗಾದರೆ ಹುಟ್ಟುವಲ್ಲೇ ಯೂಸೈಜ್ ಮಾಡಿ. ಹೊರಗಿನಿಂದ ಬಂದ ಸಂಖ್ಯೆಯಾದರೆ ಟ್ರೈ_ಫ್ರಮ್ ಬಳಸಿ, ಅದು ರಿಸಲ್ಟ್ (ಬದಲಾಯಿತೋ ಇಲ್ಲವೋ ಅನ್ನುವ ಉತ್ತರ) ಕೊಡುತ್ತದೆ, ಹಿಡಿಸದಿದ್ದರೆ ಏನು ಮಾಡಬೇಕು ಅಂತ ನೀವೇ ಬರೆಯಬೇಕಾಗುತ್ತದೆ. ನಾಲ್ಕು ಸಾಲು ಜಾಸ್ತಿ ಆಗುತ್ತದೆ, ಆಗಲಿ.

‘ಪ್ರಕಾರ ಅಸಾಮರಸ್ಯ ದೋಷ’ ಅನ್ನುವುದನ್ನೂ ಬಿಡಿ. ಆಫೀಸಿನಲ್ಲಿ ಪಕ್ಕದವರಿಗೆ ಹಾಗೆ ಹೇಳುತ್ತೀರಾ? ಟೈಪ್ ಮಿಸ್‌ಮ್ಯಾಚ್ ಸಾಕು.

ಹತ್ತು ಬೇಡ, ಸೆಮಿಕೋಲನ್, ಇಂಡೆಕ್ಸ್, ಈ ಎರಡನ್ನೇ ಬಿಡಿಸಿ ಬರೆಯಿರಿ. ಸ್ಟ್ರಿಂಗ್ ಗೋಜಲು ಇನ್ನೊಂದು ಲೇಖನಕ್ಕಿರಲಿ. ಕಳಿಸುವ ಮೊದಲು ಕೋಡನ್ನೆಲ್ಲ ಒಂದು ಸಲ ಓಡಿಸಿ ನೋಡಿ. ಏಳನೇ ಉದಾಹರಣೆಯಲ್ಲಿ ‘300 ಆ್ಯಸ್ ಯು8’ (0ಯಿಂದ 255ರವರೆಗೆ ಮಾತ್ರ ಹಿಡಿಸುವ ಟೈಪ್) ಅಂತ ನೇರ ಬರೆದು, ಉತ್ತರ 44 ಅಂದಿದ್ದೀರಿ. 300 ಒಂದು ಐ32 ವೇರಿಯಬಲ್ಲಿನಲ್ಲಿದ್ದರೆ ಸುಮ್ನೆ 44 ಮಾಡಿಬಿಡುತ್ತದೆ, ನಿಜ. ಹೀಗೆ ನೇರ ಬರೆದರೆ ಕಂಪೈಲ್ ಆಗುವುದೇ ಇಲ್ಲ.