ಕೆಂಪು ಚುಕ್ಕೆಯ ತಟ್ಟೆ

ನಾನು ಆಪ್ತ ಸಲಹೆಗಾರ್ತಿ. ನಶೆ ಮಾಡದವರಿಗೆ ಹೆಪಟೈಟಿಸ್ ಸಿ (ಯಕೃತ್ತಿಗೆ ತಗಲುವ ವೈರಸ್ ಸೋಂಕು) ಹೇಗೆ ಬಂತು? ಈ ವರ್ಷ ಇದೇ ಪ್ರಶ್ನೆ ಹೊತ್ತು ನನ್ನ ಬಳಿ ಬಂದ ಮೂರನೇ ಕುಟುಂಬ ಇದು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಮಂಡ್ಯ ಹತ್ತಿರದ ಹಳ್ಳಿಯ ಹೆಂಗಸು, ವಯಸ್ಸು ಐವತ್ತು ದಾಟಿದೆ. ಕಣ್ಣಿನ ಪೊರೆ ಆಪರೇಷನ್ನಿಗೆ ಮುಂಚೆ ರಕ್ತ ಪರೀಕ್ಷೆ ಮಾಡಿದಾಗ ಹೆಪಟೈಟಿಸ್ ಸಿ ಪಾಸಿಟಿವ್ ಬಂತು. ಚೀಟಿ ಕೊಟ್ಟವರು ಏನನ್ನೂ ಬಿಡಿಸಿ ಹೇಳಲಿಲ್ಲ. ಮಗ ಮೊಬೈಲಿನಲ್ಲಿ ಹುಡುಕಿ ಹೆದರಿದ. ಸೊಸೆ ಅತ್ತೆಯ ತಟ್ಟೆಯ ಅಂಚಿಗೆ ಕೆಂಪು ನೈಲ್ ಪಾಲಿಶ್‌ನಲ್ಲಿ ಒಂದು ಚುಕ್ಕೆ ಇಟ್ಟಳು, ಬೇರೆ ತಟ್ಟೆಗಳ ಜೊತೆ ಸೇರದಿರಲಿ ಅಂತ. ಆ ಚುಕ್ಕೆಯ ವಿಷಯ ಹೇಳುವಾಗ ಆಕೆಯ ಗಂಟಲು ಕಟ್ಟಿತು.

ಎರಡನೇ ಭೇಟಿಯಲ್ಲಿ ಆಕೆಯ ಒಪ್ಪಿಗೆ ಕೇಳಿಯೇ ಮಗನನ್ನು ಒಳಗೆ ಕರೆದೆ. ಅವನು ನೆಲ ನೋಡುತ್ತಾ ಕೇಳಿದ: "ಮೇಡಂ, ಇದು ಸೂಜಿ ಚುಚ್ಕೊಂಡು ನಶೆ ಮಾಡೋರಿಗೆ ಬರೋದು ಅಲ್ವಾ? ನಮ್ಮವ್ವಂಗೆ ಹೆಂಗೆ ಬಂತು?"

ನಶೆಯ ಸೂಜಿ ಹಂಚಿಕೊಳ್ಳುವವರಲ್ಲಿ ಈ ಸೋಂಕು ತುಂಬಾ ಜಾಸ್ತಿ, ನಿಜ. ಡಯಾಲಿಸಿಸ್‌ನಲ್ಲಿರುವವರಲ್ಲಿ, ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಗೆ ಪದೇ ಪದೇ ರಕ್ತ ಹಾಕಿಸಿಕೊಳ್ಳುವವರಲ್ಲೂ ಜಾಸ್ತಿ. ಆದರೆ ಅದನ್ನು ತಿರುಗಿಸಿ, ಸೋಂಕು ಇರುವವರೆಲ್ಲ ನಶೆ ಮಾಡುವವರು ಎಂದು ಓದಬಾರದು. ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಾಮಾನ್ಯ ಜನರಲ್ಲಿ ಕಂಡದ್ದು ಸುಮಾರು 0.32 ಶೇಕಡ. ಅಂದರೆ ಸಾವಿರ ಜನಕ್ಕೆ ಮೂವರು. ಇಷ್ಟು ದೊಡ್ಡ ದೇಶದಲ್ಲಿ ಆ ಮೂವರೇ ಲಕ್ಷಗಟ್ಟಲೆ ಆಗುತ್ತಾರೆ. ಅವರಲ್ಲಿ ಗದ್ದೆಯಲ್ಲಿ ನಾಟಿ ಹಾಕುವವರೂ ಇದ್ದಾರೆ, ಪಾಠ ಹೇಳುವವರೂ ಇದ್ದಾರೆ.

ಹಿಂದೆ ಯಾವಾಗಲಾದರೂ ರಕ್ತ ಹಾಕಿದ್ದರಾ ಎಂದು ಕೇಳಿದೆ. ಆಕೆ ಮಗನ ಕಡೆ ಕೈ ತೋರಿಸಿದರು. "ಇವನ ಹೆರಿಗೇಲಿ ಎರಡು ಬಾಟ್ಲು ಹಾಕಿದ್ರು ಕಣಮ್ಮ."

ಅದು 1993. ಈ ವೈರಸ್ ಪತ್ತೆಯಾಗಿದ್ದೇ 1989ರಲ್ಲಿ. ದಾನದ ರಕ್ತಕ್ಕೆ ಇದರ ಪರೀಕ್ಷೆ ನಮ್ಮಲ್ಲಿ ಕಡ್ಡಾಯವಾಗಿದ್ದು 2000ದ ದಶಕದ ಶುರುವಿನಲ್ಲಿ. ಹುಡುಗ ಬಾಯಿಗೆ ಕೈ ಒತ್ತಿಕೊಂಡು ಕೂತುಬಿಟ್ಟ.

ಅಲ್ಲಿಗೇ ಆ ಮಾತು ನಿಲ್ಲಿಸಿದೆ. ಸರಿಯಾಗಿ ಕುದಿಸದ ಸೂಜಿಯಿಂದಲೂ ಬಂದಿರಬಹುದು, ಎಲ್ಲಿಂದ ಬಂತು ಎಂದು ಹುಡುಕುವುದು ಬೇಡ ಎಂದೆ. ಮೂಲ ಗೊತ್ತಾದರೆ ಮನಸ್ಸಿಗೆ ಸಮಾಧಾನ ಎನ್ನುವ ಸಲಹೆಗಾರರಿದ್ದಾರೆ. ನಾನು ಒಪ್ಪುವುದಿಲ್ಲ. ಹುಡುಕುತ್ತಾ ಹೋದರೆ ಮನೆಯವರಲ್ಲೇ ಒಬ್ಬರು ತಪ್ಪಿತಸ್ಥರಾಗುತ್ತಾರೆ. ಇಲ್ಲಿ ಆ ಹೆರಿಗೆಯಲ್ಲಿ ಹುಟ್ಟಿದ ಮಗನೇ ಆ ಜಾಗದಲ್ಲಿ ಕೂರುತ್ತಿದ್ದ.

ಹೇಳಿದ್ದು ಇಷ್ಟು. ಮೊದಲು ಆರ್‌ಎನ್‌ಎ ಪರೀಕ್ಷೆ ಮಾಡಿಸಿ, ವೈರಸ್ ಈಗಲೂ ರಕ್ತದಲ್ಲಿದೆಯೇ ಎಂದು ಅದು ಹೇಳುತ್ತದೆ; ಕೆಲವರ ದೇಹವೇ ವೈರಸ್ಸನ್ನು ಓಡಿಸಿರುತ್ತದೆ. ಉಳಿದಿದ್ದರೆ ಮಾತ್ರೆ ಇದೆ, ಸಾಮಾನ್ಯವಾಗಿ 12 ವಾರ, ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಪೂರ್ತಿ ವಾಸಿಯಾಗುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಚಿಕಿತ್ಸೆ ಉಚಿತ. ರೇಜರ್, ಬ್ರಷ್, ನೈಲ್ ಕಟರ್ ಬೇರೆ ಇರಲಿ. ತಟ್ಟೆ, ಲೋಟ, ಅಪ್ಪುಗೆಯಿಂದ ಇದು ಹರಡುವುದಿಲ್ಲ. ಇವತ್ತೇ ಆ ಚುಕ್ಕೆ ಅಳಿಸಿ.

ಇನ್ನೊಂದು ಮಾತು. ವಾಸಿಯಾದ ಮೇಲೂ, ಆಪರೇಷನ್ನಿಗೆ ಮುಂಚೆ ಮಾಡಿದಂಥ ರಕ್ತ ಪರೀಕ್ಷೆ ಪಾಸಿಟಿವ್ ಬರುತ್ತಲೇ ಇರಬಹುದು. ಆರ್‌ಎನ್‌ಎ ವರದಿಯನ್ನು ರೇಷನ್ ಕಾರ್ಡ್ ಇಡುವ ಕವರಿನಲ್ಲೇ ಜೋಪಾನ ಮಾಡಿ ಎಂದು ಮಗನಿಗೆ ಹೇಳಿ ಕಳಿಸಿದೆ.