ಓದುಗರ ಪ್ರಶ್ನೆ: ಆಫ್ರಿಕಾದ ಪರಪುಟ್ಟ

ಪ್ರಶ್ನೆ (ವಿರಾಜಪೇಟೆ): ಕೋಗಿಲೆಯಂತೆ ಬೇರೆಯವರ ಗೂಡಿನಲ್ಲಿ ಮೊಟ್ಟೆಯಿಡುವ, ಗುಬ್ಬಿಗಿಂತ ಚಿಕ್ಕ ಹಕ್ಕಿ ಆಫ್ರಿಕಾದಲ್ಲಿದೆಯಂತೆ. ಅದರ ಮರಿಯೂ ಸಾಕುತಾಯಿಯ ಮರಿಗಳನ್ನು ಹೊರಗೆ ತಳ್ಳುತ್ತದೆಯೇ?

ಉತ್ತರ: ಇಲ್ಲ, ಜೊತೆಯಲ್ಲೇ ಬೆಳೆಯುತ್ತದೆ. ನೀವು ಕೇಳಿರುವುದು ಇಂಡಿಗೋ ಹಕ್ಕಿ ಇರಬೇಕು. ಉದ್ದ 10–11 ಸೆಂ.ಮೀ. ಮರಿ ಮಾಡುವ ಕಾಲಕ್ಕೆ ಗಂಡು ನೀಲಿ ಮಿಂಚಿನ ಕಪ್ಪು, ಹೆಣ್ಣು ಮಾತ್ರ ಯಾವಾಗಲೂ ಮಾಸಲು ಕಂದು. ಅಲ್ಲಿನ ಊರುಕೇರಿಗಳಲ್ಲಿ ಕಾಣುವ ಇಂಡಿಗೋ ಜಾತಿ ಕೆಂಪು ಕೊಕ್ಕಿನ ಫೈರ್‌ಫಿಂಚ್ ಗೂಡನ್ನು ಹುಡುಕುತ್ತದೆ. ಫೈರ್‌ಫಿಂಚ್ ನಮ್ಮ ರಾಟವಾಳಗಳ ಬಳಗದ್ದೇ. ಇಂಡಿಗೋ, ಫೈರ್‌ಫಿಂಚ್ ಎರಡರ ಮೊಟ್ಟೆಯೂ ಅಚ್ಚ ಬಿಳಿ.

ಸ್ವಾರಸ್ಯವಿರುವುದು ಮರಿಯ ಬಾಯಿಯಲ್ಲಿ. ಮುಚ್ಚಿದ ಗೂಡಿನ ಮಬ್ಬಿನಲ್ಲಿ ತಾಯಿಗೆ ಕಾಣುವುದು ತೆರೆದ ಬಾಯಿಗಳು. ಫೈರ್‌ಫಿಂಚ್ ಮರಿಯ ಅಂಗುಳಿನಲ್ಲಿ ಕಪ್ಪು ಚುಕ್ಕೆ, ಬಾಯಂಚಿನಲ್ಲಿ ತೆಳುಬಣ್ಣದ ಗಂಟುಗಳಿರುತ್ತವೆ. ಇಂಡಿಗೋ ಮರಿಯ ಬಾಯಿಯೂ ಹೆಚ್ಚುಕಡಿಮೆ ಹಾಗೇ. ಗಂಡು ಮರಿ ಸಾಕುತಂದೆಯ ಹಾಡು ಕಲಿತು ದೊಡ್ಡದಾದ ಮೇಲೆ ಅದನ್ನೇ ಹಾಡುತ್ತದೆ. ಹೆಣ್ಣು ಆ ಹಾಡಿಗೇ ಒಲಿದು, ತನ್ನನ್ನು ಸಾಕಿದ ಜಾತಿಯ ಗೂಡಿಗೇ ಮೊಟ್ಟೆಯಿಡಲು ಹೋಗುತ್ತದೆ. ಪಕ್ಷಿತಜ್ಞ ರಾಬರ್ಟ್ ಪೇನ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಂಜರದ ಹಕ್ಕಿಯಾದ ಬೆಂಗಾಲೀಸ್ ಫಿಂಚ್‌ ಸಾಕಿದ ಇಂಡಿಗೋ ಗಂಡುಗಳು ಬೆಂಗಾಲೀಸ್ ಹಾಡನ್ನೇ ಹಾಡಿದವು. ಹೆಣ್ಣುಗಳು ಬೆಂಗಾಲೀಸ್ ಗೂಡಿನಲ್ಲೇ ಮೊಟ್ಟೆಯಿಟ್ಟವು.

ಪ್ರಶ್ನೆ (ಗೋಣಿಕೊಪ್ಪ): ಕಾಫಿ ಗಿಡದಲ್ಲಿ ಸಿಂಪಿಗ ಹಕ್ಕಿಯೊಂದು ತನಗಿಂತ ದಪ್ಪ ಮರಿಗೆ ಹುಳ ತಿನ್ನಿಸುತ್ತಿದೆ. ಇದು ಅದೇ ಹಕ್ಕಿಯೇ? ಮರಿಯನ್ನು ತೆಗೆದುಬಿಡಲೇ?

ಉತ್ತರ: ಅಲ್ಲ, ಅದು ಸಣ್ಣ ಕೋಗಿಲೆಯೊಂದರ ಮರಿ. ಸಿಂಪಿಗನ ಸ್ವಂತ ಮರಿಗಳು ಈಗಾಗಲೇ ಹೋಗಿರುತ್ತವೆ, ಇದನ್ನು ತೆಗೆದರೆ ಅವು ಬರುವುದಿಲ್ಲ. ಎಲೆ ಸರಿಸಿ ನೋಡಬೇಡಿ. ಆ ಸಂದಿಯೇ ಕಾಗೆಗೆ ದಾರಿ. ಹದಿನೈದು ಮೀಟರ್ ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿದರೆ ಸಾಕು. ಚಿಗುರು ತೆಗೆಯುವವರಿಗೆ ಹೇಳಿ ಆ ಗಿಡವನ್ನು ಎರಡು-ಮೂರು ವಾರ ಬಿಡಿಸಿ.

ಪ್ರಶ್ನೆ (ಕುಶಾಲನಗರ): ನನ್ನಲ್ಲಿ ಬೆಂಗಾಲೀಸ್ ಫಿಂಚ್‌ಗಳಿವೆ. ಉದ್ದ ಬಾಲದ ವೈಡಾ ಜೋಡಿಯನ್ನು ಅದೇ ಪಂಜರಕ್ಕೆ ಬಿಟ್ಟರೆ ಮರಿಯಾಗುತ್ತವೆಯೇ?

ಉತ್ತರ: ಆಸೆ ಇಟ್ಟುಕೊಳ್ಳಬೇಡಿ. ವೈಡಾ ಇಂಡಿಗೋ ಹಕ್ಕಿಯ ದಾಯಾದಿ. ಸಾಮಾನ್ಯವಾಗಿ ಆಫ್ರಿಕಾದ ಪುಟ್ಟ ಹಕ್ಕಿಯಾದ ವ್ಯಾಕ್ಸ್‌ಬಿಲ್ ಗೂಡಿಗೆ ಮೊಟ್ಟೆಯಿಡುತ್ತದೆ. ಬೇರೆ ಹಕ್ಕಿ ಸಾಕಿದ ಹೆಣ್ಣಿಗೆ ನಿಮ್ಮ ಬೆಂಗಾಲೀಸ್ ಗೂಡು ಗೂಡೇ ಅಲ್ಲ. ಇಟ್ಟರೂ ಲೆಕ್ಕ ತಪ್ಪುತ್ತದೆ: ವೈಡಾ ಮೊಟ್ಟೆ ಒಡೆಯಲು ಸುಮಾರು 11 ದಿನ, ಬೆಂಗಾಲೀಸ್ ಮೊಟ್ಟೆಗೆ 15–16. ಮೊದಲು ಹೊರಬಂದ ಮರಿ ಬಲಿತಿರುವಾಗ ಉಳಿದವು ಇನ್ನೂ ಬೆತ್ತಲೆ. ತುತ್ತು ಯಾರಿಗೆಂದು ಹೇಳಬೇಕಿಲ್ಲ. ಸಾಲದ್ದಕ್ಕೆ ಗಂಡು ವೈಡಾ ಜಗಳಗಂಟ. ಕಾಳಿನ ತಟ್ಟೆಯ ಹತ್ತಿರ ಯಾರನ್ನೂ ಸುಳಿಯಗೊಡದು.

ಬೇಸತ್ತು ಹೊರಗೆ ಹಾರಿಬಿಡುವುದಂತೂ ಕೂಡದು. ಕ್ಯಾಲಿಫೋರ್ನಿಯಾದಲ್ಲಿ ಪಂಜರದಿಂದ ತಪ್ಪಿಸಿಕೊಂಡ ವೈಡಾಗಳು ಚುಕ್ಕೆ ರಾಟವಾಳದ ಗೂಡಿಗೆ ಒಗ್ಗಿಕೊಂಡಿವೆ. ಅಲ್ಲಿ ಆ ರಾಟವಾಳವೂ ಹೊರಗಿನದೇ. ಆದರೆ ಅದೇ ಜಾತಿ ನಿಮ್ಮ ಗದ್ದೆಯಂಚಿನ ಪೊದೆಯಲ್ಲಿ ಹುಲ್ಲುಂಡೆ ಕಟ್ಟಿ ಮರಿ ಮಾಡುತ್ತಿದೆ.