ಡಬಲ್ ಗ್ಲಾಸ್ ಕಿಟಕಿಗೆ ಹೆಚ್ಚುವರಿ ಸುರಿದ ಎಂಬತ್ತು ಸಾವಿರ

ರಾಯಚೂರು, 30×40 ನಿವೇಶನ, ಪಶ್ಚಿಮಕ್ಕೆ ರಸ್ತೆ, ಗೋಡೆ ಸಿಲ್ ಮಟ್ಟಕ್ಕೆ, ಅಂದರೆ ಕಿಟಕಿಯ ಕೆಳ ಅಂಚಿನವರೆಗೆ, ಬಂದಿದೆ, ಕಿಟಕಿಗಳಿಗೆ ಡಬಲ್ ಗ್ಲಾಸ್ (ನಡುವೆ ಗಾಳಿಯ ಪದರವಿರುವ ಜೋಡಿ ಗಾಜು) ಹಾಕಿಸಿದರೆ ಎಷ್ಟು ವರ್ಷದಲ್ಲಿ ಹಣ ಮರಳುತ್ತದೆ ಎಂದು ಕೇಳಿದ್ದೀರಿ. ಊರಿನ ಹೆಸರೊಂದನ್ನು ಬದಲಿಸಿದರೆ ಇದು 2018ರಲ್ಲಿ ನಾನೇ ಕೇಳುತ್ತಿದ್ದ ಪ್ರಶ್ನೆ. ನಮ್ಮದು ಕಲಬುರಗಿ. ಅಷ್ಟೇ ಅಳತೆಯ ನಿವೇಶನ, ನಮಗೂ ಪಶ್ಚಿಮಕ್ಕೇ ರಸ್ತೆ.

ಹಾಲ್‌ನ ಮುಂಗೋಡೆಗೆ ಎಂಟಡಿ ಅಗಲ, ಆರಡಿ ಎತ್ತರದ ಸ್ಲೈಡಿಂಗ್ ಕಿಟಕಿ ಬೇಕೆಂದು ಹಟ ಹಿಡಿದವನು ನಾನು. ನೆಲದಿಂದ ಒಂದೇ ಅಡಿ ಮೇಲಿಂದ ಶುರುವಾಗುವ ಕಿಟಕಿ. ನಕ್ಷೆಯಲ್ಲಿ ಅದರ ಮೇಲೆ ಎರಡಡಿ ಸಜ್ಜಾ ಇತ್ತು. ಮನೆಯ ಮುಖ ಚೆನ್ನಾಗಿ ಕಾಣುವುದಿಲ್ಲವೆಂದು ಅದನ್ನೂ ತೆಗೆಸಿದೆ. ಗೌಂಡಿ ಎರಡು ಸಲ ಬೇಡ ಅಂದರು. ಡಬಲ್ ಗ್ಲಾಸ್ ಹಾಕಿಸುತ್ತಿದ್ದೇನಲ್ಲ, ಬಿಸಿಲು ಏನು ಮಾಡುತ್ತದೆ ಎಂದು ಅವರ ಬಾಯಿ ಮುಚ್ಚಿಸಿದೆ.

ಆ ಧೈರ್ಯ ಬಂದದ್ದು ಅಂಗಡಿಯೊಂದರಲ್ಲಿ. ಅಲ್ಲಿ ಒಂದು ಮರದ ಪೆಟ್ಟಿಗೆ, ಒಳಗೆ ಕೆಂಪಗೆ ಕಾಯುವ ಬಲ್ಬು, ಪೆಟ್ಟಿಗೆಯ ಒಂದು ಬದಿಗೆ ಒಂಟಿ ಗಾಜು, ಇನ್ನೊಂದು ಬದಿಗೆ ಜೋಡಿ ಗಾಜು. ಅಂಗೈ ಇಡಿ ಅಂದರು. ಒಂಟಿ ಗಾಜು ಚುರುಕ್ ಎಂದಿತು, ಜೋಡಿ ಗಾಜು ತಣ್ಣಗಿತ್ತು. ಕಾಗದದಲ್ಲಿ ಬರೆದುಕೊಟ್ಟ ಲೆಕ್ಕವೂ ಸುಳ್ಳಲ್ಲ: ಒಂಟಿ ಗಾಜಿನ ಯು-ಮೌಲ್ಯ (ಶಾಖ ಎಷ್ಟು ಸುಲಭವಾಗಿ ಹರಿದು ದಾಟುತ್ತದೆ ಎಂಬ ಅಳತೆ, ಕಡಿಮೆಯಿದ್ದಷ್ಟೂ ತಡೆ ಹೆಚ್ಚು) 5.7, ಜೋಡಿ ಗಾಜಿನದು 2.8. ಅರ್ಧಕ್ಕರ್ಧ ಶಾಖ ತಡೆದಂತಾಯಿತು ಅಂದುಕೊಂಡೆ. ಒಂಟಿ ಗಾಜಿಗೆ ಚದರ ಅಡಿಗೆ 550 ರೂಪಾಯಿ, ಜೋಡಿಗೆ 1,050. ಇಡೀ ಮನೆಯ ಕಿಟಕಿಗಳು 160 ಚದರ ಅಡಿ. ಎಂಬತ್ತು ಸಾವಿರ ಹೆಚ್ಚುವರಿ. ಸಹಿ ಹಾಕಿದೆ.

ಇಲ್ಲಿ ನಾನು ಎಲ್ಲಿ ಎಡವಿದೆ ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ದಯವಿಟ್ಟು ಓದಿ. ಕಿಟಕಿಯಿಂದ ಶಾಖ ಬರುವುದಕ್ಕೆ ಎರಡು ದಾರಿ. ಹೊರಗಿನ ಗಾಳಿ ಬಿಸಿ, ಒಳಗಿನದು ತಂಪು, ಆ ವ್ಯತ್ಯಾಸದಿಂದಾಗಿ ಗಾಜು, ಚೌಕಟ್ಟುಗಳ ಮೈಯಿಂದ ಶಾಖ ಹರಿದು ಬರುವುದು ಒಂದು ದಾರಿ. ಕಾದ ಪಾತ್ರೆಯ ಹಿಡಿಕೆ ಬಿಸಿಯಾಗುವಂತೆ. ಯು-ಮೌಲ್ಯ ಅಳೆಯುವುದು ಇದನ್ನು ಮಾತ್ರ. ಬಿಸಿಲೇ ನೇರವಾಗಿ ಗಾಜನ್ನು ದಾಟಿ ನೆಲದ ಮೇಲೆ ಬಿದ್ದು ಅಲ್ಲಿ ಶಾಖವಾಗುವುದು ಎರಡನೆಯ ದಾರಿ. ಅದರ ಅಳತೆ ಬೇರೆ, ಎಸ್‌ಎಚ್‌ಜಿಸಿ ಎನ್ನುತ್ತಾರೆ. ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಸೇರುತ್ತದೆ ಎಂಬ ಸಂಖ್ಯೆ. ಸಾದಾ ಒಂಟಿ ಗಾಜಿಗೆ ಅದು ಸುಮಾರು 0.82. ಲೇಪನವಿಲ್ಲದ ಜೋಡಿ ಗಾಜಿಗೆ ಸುಮಾರು 0.70. ಅಂದರೆ ನೂರರಲ್ಲಿ ಎಪ್ಪತ್ತು ಪಾಲು ಆಗಲೂ ಒಳಗೆ! ಅಂಗಡಿಯಲ್ಲಿ ನನ್ನ ಅಂಗೈ ಗಾಜಿನ ಮೈಯನ್ನಷ್ಟೇ ಮುಟ್ಟಿತ್ತು. ಗಾಜನ್ನು ದಾಟಿ ಬರುವುದನ್ನು ಅಂಗೈ ಅಳೆಯಲಿಲ್ಲ, ಈ ಎರಡನೆಯ ಸಂಖ್ಯೆಯನ್ನು ನಾನು ಕೇಳಲಿಲ್ಲ.

ನಮ್ಮ ಹಾಲ್‌ನ ಕಿಟಕಿಗೇ ಲೆಕ್ಕ ಹಾಕೋಣ. ಚೌಕಟ್ಟು ಬಿಟ್ಟರೆ ಗಾಜು ಸುಮಾರು ನಾಲ್ಕು ಚದರ ಮೀಟರ್. ಏಪ್ರಿಲ್ ಸಂಜೆ ಹೊರಗೆ 41 ಡಿಗ್ರಿ, ಒಳಗೆ 33 ಎಂದಿಟ್ಟುಕೊಳ್ಳಿ. ಎಂಟು ಡಿಗ್ರಿ ವ್ಯತ್ಯಾಸಕ್ಕೆ ಮೊದಲ ದಾರಿಯಿಂದ ಒಂಟಿ ಗಾಜಿನಲ್ಲಿ ಬರುವುದು ಸುಮಾರು 180 ವ್ಯಾಟ್, ಜೋಡಿ ಗಾಜಿನಲ್ಲಿ 90. ತಡೆದದ್ದು 90 ವ್ಯಾಟ್. ಆ ಹೊತ್ತಿನಲ್ಲಿ ಪಶ್ಚಿಮದ ಗಾಜಿನ ಮೇಲೆ ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಬೀಳುತ್ತದೆ ಎಂದು ಇಟ್ಟುಕೊಳ್ಳಿ. ಎರಡನೆಯ ದಾರಿಯಿಂದ ಒಂಟಿ ಗಾಜಿನಲ್ಲಿ 1,970 ವ್ಯಾಟ್, ನಮ್ಮ ದುಬಾರಿ ಗಾಜಿನಲ್ಲಿ 1,680. ನೀರು ಕಾಯಿಸುವ ಇಮ್ಮರ್ಷನ್ ಕಾಯಿಲ್ ಒಂದನ್ನು ಹಾಲ್‌ನ ನಡುವೆ ಹಚ್ಚಿಟ್ಟ ಹಾಗೆ. ದೊಡ್ಡ ಬಾಗಿಲನ್ನು ತೆರೆದಿಟ್ಟು ಸಣ್ಣ ಬಾಗಿಲಿಗೆ ನಾನು ಬೀಗ ಹಾಕಿದ್ದೆ.

2019ರ ಮೊದಲ ಬೇಸಿಗೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಅವ್ವ ಮಧ್ಯಾಹ್ನ ಹಾಲ್‌ನಲ್ಲಿ ಶಹಾಬಾದ್ ಕಲ್ಲಿನ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಎರಡೂವರೆಗೆ ಬಿಸಿಲಿನ ಪಟ್ಟೆ ಕಿಟಕಿಯ ಬುಡದಲ್ಲಿರುತ್ತಿತ್ತು. ಅವ್ವ ಮೊರವನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೊಂದು ಗೇಣು. ನಾಲ್ಕೂಕಾಲರ ಹೊತ್ತಿಗೆ ಪಟ್ಟೆ ಹನ್ನೊಂದು ಅಡಿ ಒಳಗೆ ಬಂದಿರುತ್ತಿತ್ತು, ಐದಕ್ಕೆ ಎದುರು ಗೋಡೆಯನ್ನೇ ಏರುತ್ತಿತ್ತು. ಆಗ ಅವ್ವ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ರಾತ್ರಿ ಹತ್ತಕ್ಕೆ ಬರಿಗಾಲಿನಲ್ಲಿ ಹಾಲ್ ದಾಟಿದರೆ ಕಲ್ಲು ಇನ್ನೂ ಬೆಚ್ಚಗಿರುತ್ತಿತ್ತು. ಬಿಸಿಲಾಗಿ ಗಾಜು ದಾಟಿದ ಶಾಖ ಕಾದ ಕಲ್ಲಿನ ಝಳವಾಗಿ ಅದೇ ಗಾಜನ್ನು ದಾಟಿ ಹೊರಗೆ ಹೋಗಲಾರದು. ಹೊರಗೆ ಗಾಳಿ ತಂಪಾದ ಮೇಲೂ ಒಳಗಿನ ಶಾಖವನ್ನು ಆ ಜೋಡಿ ಗಾಜು ಜೋಪಾನವಾಗಿ ಕಾದುಕೊಂಡಿತ್ತು. ಸ್ಲೈಡಿಂಗ್ ಆದ್ದರಿಂದ ಪೂರ್ತಿ ಸರಿಸಿದರೂ ತೆರೆಯುತ್ತಿದ್ದದ್ದು ಅರ್ಧ ಕಿಟಕಿ ಮಾತ್ರ. ದಪ್ಪ ಪರದೆ ಹಾಕಿ ನೋಡಿದೆ. ಪರದೆಗೂ ಗಾಜಿಗೂ ನಡುವೆ ಕೈ ಹಾಕಿದರೆ ಒಲೆಯ ಬಾಯಿಯಂತಿತ್ತು. ಬಿಸಿಲು ಒಳಗೆ ಬಂದ ಮೇಲೆ ತಡೆದರೆ ಅದು ಹೋಗುವುದಾದರೂ ಎಲ್ಲಿಗೆ?

ದಾರಿ ಸಿಕ್ಕಿದ್ದು ಮುಂದಿನ ವರ್ಷ, ಲಾಕ್‌ಡೌನ್‌ನ ಏಪ್ರಿಲ್‌ನಲ್ಲಿ. ಮನೆಯವರೆಲ್ಲ ಇಡೀ ದಿನ ಒಳಗೇ. ಒಂದು ಮಧ್ಯಾಹ್ನ ಅವ್ವ ತೊಗರಿ ತುಂಬಿದ್ದ ಹಳೆಯ ಗೋಣಿಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ದಬ್ಬಣದಿಂದ ಹೊಲಿದು, ಮಾಳಿಗೆಯ ಮೇಲಿನಿಂದ ಹಗ್ಗ ಕಟ್ಟಿ ಕಿಟಕಿಯ ಹೊರಗೆ ಇಳಿಬಿಡಲು ಹೇಳಿದಳು. ಅವಳ ತವರು ಸೇಡಂ ಕಡೆಯ ಹಳ್ಳಿ. ಎರಡಡಿ ದಪ್ಪದ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ಚಿಕ್ಕ ಕಿಟಕಿ, ಮೇಲೊಂದು ಬೆಳಕಿಂಡಿ ಇರುವ ಮನೆಯಲ್ಲಿ ಬೆಳೆದವಳು. ಬಿಸಿಲನ್ನು ಹೊಸ್ತಿಲಾಚೆಯೇ ನಿಲ್ಲಿಸಬೇಕು ಎಂಬುದು ಅವಳಿಗೆ ಯಾರೂ ಕಲಿಸಬೇಕಾದ ವಿಷಯವಾಗಿರಲಿಲ್ಲ. ಹಿಂದಿನ ವಾರ ಸಂಜೆ ಐದಕ್ಕೆ ಹಾಲ್‌ನಲ್ಲಿ 37 ತೋರಿಸಿದ್ದ ಥರ್ಮಾಮೀಟರ್ ಅಂದು 33.5 ತೋರಿಸಿತು. ಹೊರಗೆ ಎರಡೂ ದಿನ 41. ಎಂಬತ್ತು ಸಾವಿರಕ್ಕೆ ಆಗದ ಕೆಲಸವನ್ನು ಆರು ಗೋಣಿಚೀಲ ಮಾಡಿದ್ದವು. ಆ ಸಂಜೆ ಅವ್ವನ ಮುಖ ನೋಡುವುದು ನನಗೆ ಕಷ್ಟವಾಯಿತು.

ಮಳೆಗಾಲ ಕಳೆದ ಮೇಲೆ ವೆಲ್ಡರ್ ಕರೆಸಿ, ಗೋಡೆಯಿಂದ ಎರಡಡಿ ಮುಂದಕ್ಕೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಸುತ್ತಿ ಮೇಲೆತ್ತುವ ಬಿದಿರಿನ ಚಾಪೆ ಕಟ್ಟಿಸಿದೆ. ಹನ್ನೊಂದು ಸಾವಿರ ಆಯಿತು. ಎರಡು ವರ್ಷಕ್ಕೊಮ್ಮೆ ಚಾಪೆ ಬದಲಿಸಬೇಕು. ಅಂಗಳದಲ್ಲಿ ನೆಟ್ಟ ಬೇವು ಈಗ ಚಾಪೆಗಿಂತ ಎತ್ತರ ಬೆಳೆದಿದೆ. ಮೇ ತಿಂಗಳ ಉರಿಯಲ್ಲಿ ಮಲಗುವ ಕೋಣೆಯ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತೇವೆ. ನಮ್ಮ, ನಿಮ್ಮ ಊರಿನ ಒಣ ಗಾಳಿಗೆ ಅದು ಹೇಳಿ ಮಾಡಿಸಿದ್ದು. ಮಂಗಳೂರಿನವರು ಅದನ್ನು ಕಟ್ಟಿ ಪ್ರಯೋಜನವಿಲ್ಲ, ಅಲ್ಲಿನ ಗಾಳಿಯಲ್ಲಿ ಮೊದಲೇ ಬೇಕಾದಷ್ಟು ನೀರಿದೆ.

ಈಗ ನಿಮ್ಮ ಪ್ರಶ್ನೆಗೆ. ಹಣ ಎಷ್ಟು ವರ್ಷದಲ್ಲಿ ಮರಳುತ್ತದೆ ಎಂಬ ಲೆಕ್ಕವನ್ನು ಬಿಟ್ಟುಬಿಡಿ ಎಂದೇ ನಾನು ಹೇಳುವುದು. ಆದರೂ ಕೇಳಿದ್ದೀರಿ, ಒಮ್ಮೆ ಮಾಡಿ ತೋರಿಸುತ್ತೇನೆ. ಮೇಲಿನ ಎರಡೂ ದಾರಿ ಸೇರಿ ಜೋಡಿ ಗಾಜು ತಡೆದದ್ದು ಹೆಚ್ಚೆಂದರೆ 380 ವ್ಯಾಟ್ ಶಾಖ. ಅಷ್ಟನ್ನು ಹೊರಹಾಕಲು ಎಸಿಗೆ ಅದರ ಮೂರನೇ ಒಂದು ಭಾಗದಷ್ಟು ವಿದ್ಯುತ್ ಸಾಕು. ದಿನಕ್ಕೆ ಮೂರು ಗಂಟೆ, ವರ್ಷಕ್ಕೆ ನೂರು ದಿನ ಓಡಿಸಿದರೆ ಉಳಿಯುವುದು 38 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ ವರ್ಷಕ್ಕೆ ಮುನ್ನೂರು ರೂಪಾಯಿ. ಆ ಒಂದು ಕಿಟಕಿಗೆ ನಾನು ಕೊಟ್ಟ ಹೆಚ್ಚುವರಿ 24,000. ಎಂಬತ್ತು ವರ್ಷ ಬೇಕು.

ಡಬಲ್ ಗ್ಲಾಸ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನನ್ನ ತಂಗಿ ಟೊರಾಂಟೊದಲ್ಲಿದ್ದಾಳೆ. ಜನವರಿಯಲ್ಲಿ ಒಳಗೆ 20, ಹೊರಗೆ ಮೈನಸ್ 15 ಇದ್ದರೆ ವ್ಯತ್ಯಾಸ 35 ಡಿಗ್ರಿ, ಅದೂ ಹಗಲೂ ರಾತ್ರಿ. ಅಲ್ಲಿ ಯು-ಮೌಲ್ಯವೇ ದೊಡ್ಡ ಮಾತು, ದಕ್ಷಿಣದ ಕಿಟಕಿಯಿಂದ ಬರುವ ಬಿಸಿಲು ಮನೆಗೆ ಸಿಗುವ ಬಿಟ್ಟಿ ಉರುವಲು. ಅಲ್ಲಿ ಸರಿಯಾದ ಗಾಜು ಇಲ್ಲಿ ಸರಿಯಾಗಲೇಬೇಕೆಂದಿಲ್ಲ. ಬೆಂಗಳೂರಿನಲ್ಲಂತೂ ರಸ್ತೆಯ ಸದ್ದು ತಡೆಯಲು ಹಾಕಿಸಿದರೆ ಒಪ್ಪುತ್ತೇನೆ, ಶಾಖಕ್ಕೆಂದು ಬೇಡ. ನಿಮ್ಮ ಊರಿನಲ್ಲಿ ದಿನವಿಡೀ ಎಸಿ ಓಡುವ ಕೋಣೆ ಇದ್ದು, ಪಶ್ಚಿಮಕ್ಕೆ ನೆರಳು ಮಾಡಲು ಯಾವ ದಾರಿಯೂ ಇಲ್ಲದಿದ್ದರೆ ಮಾತ್ರ ಎಸ್‌ಎಚ್‌ಜಿಸಿ 0.3ರ ಒಳಗಿರುವ, ಬಿಸಿಲಿನ ಶಾಖ ತಡೆಯುವ ಲೇಪನದ ಗಾಜು ಕೇಳಿ. ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಹಾಗೆಂದು ಕಪ್ಪು ಗಾಜಿನ ಮೋಹಕ್ಕೆ ಬೀಳಬೇಡಿ. ಹಗಲಲ್ಲೇ ದೀಪ ಹಚ್ಚುವ ಮನೆಯಿಂದ ಯಾವ ಉಳಿತಾಯ? ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆಯೂ (ವಾಸದ ಕಟ್ಟಡಗಳಲ್ಲಿ ವಿದ್ಯುತ್ ಉಳಿಸುವ ನಿಯಮಾವಳಿ) ಕಿಟಕಿಗಳು ಗೋಡೆಯ ಶೇ 30ರೊಳಗಿದ್ದರೆ ಗಾಜು ಕನಿಷ್ಠ ಶೇ 27 ಬೆಳಕನ್ನು ಒಳಬಿಡಬೇಕು ಎನ್ನುತ್ತದೆ. ಒಣ ಬಿಸಿಲಿನ ಪ್ರದೇಶಕ್ಕೆ ತೆರೆಯಬಲ್ಲ ಕಿಟಕಿಗಳು ನೆಲದ ವಿಸ್ತೀರ್ಣದ ಶೇ 10ರಷ್ಟಾದರೂ ಇರಬೇಕೆಂದೂ ಅದರಲ್ಲಿದೆ. ಆದ್ದರಿಂದ ಬಾಗಿಲಿನಂತೆ ಪೂರ್ತಿ ತೆರೆದುಕೊಳ್ಳುವ ಕಿಟಕಿ ಮಾಡಿಸಿ, ಸ್ಲೈಡಿಂಗ್ ಬೇಡ. ಚೌಕಟ್ಟು ಯುಪಿವಿಸಿಯದೋ (ಗಟ್ಟಿ ಪ್ಲಾಸ್ಟಿಕ್) ಮರದ್ದೋ ನಿಮ್ಮ ಕೈಗೆ ಎಟುಕಿದ್ದು.

ಉಳಿದ ಹಣವನ್ನು ಛಾವಣಿಗೆ ಹಾಕಿ. ಅದೇ ಸಂಹಿತೆ ಛಾವಣಿಯ ಯು-ಮೌಲ್ಯ 1.2 ಮೀರಬಾರದು ಎನ್ನುತ್ತದೆ, ಬರಿಯ ಕಾಂಕ್ರೀಟ್ ಛಾವಣಿಯದು ಮೂರಕ್ಕಿಂತ ಹೆಚ್ಚು. ದಿನವಿಡೀ ನೆತ್ತಿಯ ಮೇಲೆ ಕಾಯುವುದು ಅದೇ.

ನೀವು ಸಿಲ್ ಮಟ್ಟದಲ್ಲಿದ್ದೀರಿ ಎಂದು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಕಿಟಕಿಯ ಜಾಗ ಬದಲಿಸಲು ನಿಮಗೆ ಇನ್ನೂ ನಾಲ್ಕು ಸಾಲು ಇಟ್ಟಿಗೆಯ ಖರ್ಚು ಅಷ್ಟೇ. ದೊಡ್ಡ ಕಿಟಕಿಯನ್ನು ದಕ್ಷಿಣಕ್ಕೋ ಉತ್ತರಕ್ಕೋ ಒಯ್ಯಿರಿ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಇದ್ದರೆ ಒಂದು ತುಣುಕು ಬಿಸಿಲೂ ಒಳಗೆ ಬರುವುದಿಲ್ಲ. ಪಶ್ಚಿಮದಲ್ಲಿ ಅದೇ ಸಜ್ಜಾ ಸಂಜೆ ನಾಲ್ಕೂಕಾಲಕ್ಕೆ ಕೊಡುವುದು ಒಂದೂಕಾಲು ಅಡಿ ನೆರಳು ಮಾತ್ರ. ಅಲ್ಲಿ ಬಾಗಿಲು, ಕಟ್ಟೆ, ಮೇಲೆ ಆರಡಿ ಚಾಚಿದ ಛಾವಣಿ, ಮುಂದೆ ಬಿದಿರಿನ ಚಾಪೆ ಕಟ್ಟಲು ನಾಲ್ಕು ಕೊಕ್ಕೆ ಇರಲಿ. ಲಿಂಟಲ್‌ಗೆ (ಕಿಟಕಿಯ ಮೇಲಿನ ಕಾಂಕ್ರೀಟ್ ತೊಲೆ) ಕಂಬಿ ಕಟ್ಟುವಾಗಲೇ ಸಜ್ಜಾದ ಕಂಬಿಯನ್ನೂ ಕಟ್ಟಬೇಕು, ಆಮೇಲೆ ಸೇರಿಸುವುದು ಕಷ್ಟ. ಗೌಂಡಿಗೆ ನಾಳೆ ಬೆಳಿಗ್ಗೆಯೇ ಹೇಳಿ. ಅವರೇ ಸಜ್ಜಾ ಬೇಕು ಎಂದರೆ ಅವರ ಮಾತು ಕೇಳಿ.